ಕಿಂಗ್ ಕ್ರಿಮ್ಸನ್: ಒಂದೇ ಹಾಡನ್ನು ಇಷ್ಟು ಸಲ ಏಕೆ ಕೇಳಬೇಕು?

ಪ್ರಶ್ನೆ: ನನಗೆ ಕರ್ನಾಟಕ ಸಂಗೀತ ಕೇಳಿ ಅಭ್ಯಾಸ. ಈಚೆಗೆ ಸ್ನೇಹಿತರೊಬ್ಬರಿಂದ ಕಿಂಗ್ ಕ್ರಿಮ್ಸನ್ ಎಂಬ ಇಂಗ್ಲೆಂಡಿನ ಪ್ರೋಗ್ರೆಸಿವ್ ರಾಕ್ ತಂಡದ ಪರಿಚಯವಾಯಿತು. 1969ರ ಮೊದಲ ಆಲ್ಬಂ ಮತ್ತು 1974ರ ‘ರೆಡ್’ ತುಂಬ ಹಿಡಿಸಿದವು. ಆದರೆ ಈ ತಂಡದ ಅಭಿಮಾನಿಗಳು ಸ್ಟುಡಿಯೊ ಆಲ್ಬಂಗಳಿಗಿಂತ ಕಛೇರಿಗಳ ಧ್ವನಿಮುದ್ರಣಗಳನ್ನೇ ಹೆಚ್ಚು ಕೊಂಡಾಡುತ್ತಾರೆ. ಅವೋ ಲೆಕ್ಕವಿಲ್ಲದಷ್ಟಿವೆ, ಅದೇ ಹಾಡುಗಳು ಮತ್ತೆ ಮತ್ತೆ ಬರುತ್ತವೆ, ಕೆಲವುಗಳ ಸದ್ದು ಕಿವಿಗೆ ಹಿಂಸೆ. ಇದು ಬರಿಯ ಸಂಗ್ರಹದ ಗೀಳೇ, ಅಥವಾ ಅಲ್ಲಿ ನಿಜವಾಗಿ ಏನಾದರೂ ಇದೆಯೇ? ಇದ್ದರೆ ಎಲ್ಲಿಂದ ಆರಂಭಿಸಲಿ? ಕದ್ದು ಮಾಡಿದ ಧ್ವನಿಮುದ್ರಣಗಳನ್ನು ಕೇಳಬಹುದೇ? ಇಪ್ಪತ್ತು ಮೂವತ್ತು ಸಿ.ಡಿ.ಗಳ ದೊಡ್ಡ ಪೆಟ್ಟಿಗೆಗಳನ್ನು ಕೊಳ್ಳಬೇಕೇ?

ಉತ್ತರ: ಗೀಳು ಖಂಡಿತ ಅಲ್ಲ. ಬಹುಪಾಲು ರಾಕ್ ತಂಡಗಳಲ್ಲಿ ಸ್ಟುಡಿಯೊದಲ್ಲಿ ಮಾಡಿದ್ದೇ ಮೂಲ, ವೇದಿಕೆಯಲ್ಲಿ ನುಡಿಸಿದ್ದು ಅದರ ನೆನಪು. ಕಿಂಗ್ ಕ್ರಿಮ್ಸನ್ ಮಟ್ಟಿಗೆ ಇದು ತಿರುವುಮುರುವು. ಅವರ ರಚನೆಗಳು ಬೆಳೆದದ್ದು, ಎಷ್ಟೋ ಸಲ ಹುಟ್ಟಿದ್ದೂ ಜನರ ಎದುರಿಗೇ. ಸ್ಟುಡಿಯೊ ಆಲ್ಬಂ ಎಂಬುದು ಆ ಬೆಳವಣಿಗೆಯ ನಡುವೆ ಎಲ್ಲೋ ಒಂದು ದಿನ ಬರೆದಿಟ್ಟ ಕರಡು.

ಇದು ಅಭಿಮಾನಿಯ ಉತ್ಪ್ರೇಕ್ಷೆಯಲ್ಲ ಎನ್ನುವುದಕ್ಕೆ ಸಾಕ್ಷಿ ತಂಡದ ಆಲ್ಬಂಗಳಲ್ಲೇ ಇದೆ. 1974ರ ಮಾರ್ಚ್‌ನಲ್ಲಿ ‘ಸ್ಟಾರ್‌ಲೆಸ್ ಅಂಡ್ ಬೈಬಲ್ ಬ್ಲ್ಯಾಕ್’ ಬಿಡುಗಡೆಯಾಯಿತು. ಅದು ಅಂಗಡಿಗೆ ಬಂದದ್ದು ಸ್ಟುಡಿಯೊ ಆಲ್ಬಂ ಆಗಿ. ಆದರೆ ಅದರ ಎಂಟು ರಚನೆಗಳಲ್ಲಿ ಪೂರ್ತಿಯಾಗಿ ಸ್ಟುಡಿಯೊದಲ್ಲಿ ನುಡಿಸಿದವು ಮೊದಲಿನ ಎರಡು ಮಾತ್ರ. ಉಳಿದವು ಪೂರ್ತಿಯಾಗಿಯೋ ಭಾಗಶಃವೋ 1973ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಗ್ಲಾಸ್ಗೊ, ಜ್ಯೂರಿಕ್, ಆಮ್‌ಸ್ಟರ್‌ಡ್ಯಾಮ್ ನಗರಗಳಲ್ಲಿ ನಡೆದ ಕಛೇರಿಗಳಿಂದ ಎತ್ತಿಕೊಂಡವು. ಚಪ್ಪಾಳೆ, ಕೆಮ್ಮು, ಕೂಗುಗಳನ್ನೆಲ್ಲ ಟೇಪಿನಿಂದ ತೆಗೆದುಹಾಕಿದ್ದರು. ‘ಫ್ರ್ಯಾಕ್ಚರ್’ ಎಂಬ ಹನ್ನೊಂದು ನಿಮಿಷದ ರಚನೆಯಲ್ಲಿ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ನಿಲುಗಡೆಯೇ ಇಲ್ಲದೆ ನುಡಿಸುವ ಆ ಸ್ವರಗಳ ಸಾಲು, ಇಂದಿಗೂ ಗಿಟಾರ್ ಕಲಿಯುವವರನ್ನು ಬೆವರಿಳಿಸುವ ಸಾಲು, ಸ್ಟುಡಿಯೊದಲ್ಲಿ ತುಂಡು ತುಂಡಾಗಿ ಜೋಡಿಸಿದ್ದಲ್ಲ. 1973ರ ನವೆಂಬರ್ 23ರ ರಾತ್ರಿ ಆಮ್‌ಸ್ಟರ್‌ಡ್ಯಾಮಿನ ಕನ್ಸರ್ಟ್‌ಖೆಬೌ ಸಭಾಂಗಣದಲ್ಲಿ ಜನರ ಮುಂದೆ ಕೂತು ನುಡಿಸಿದ್ದು.

ಅದೇ ರಾತ್ರಿಯ ಇನ್ನೊಂದು ತುಣುಕು ‘ಟ್ರಿಯೊ’. ಇದಕ್ಕೆ ಮೊದಲೇ ಹಾಕಿಕೊಂಡ ಯಾವ ಯೋಜನೆಯೂ ಇರಲಿಲ್ಲ. ಡೇವಿಡ್ ಕ್ರಾಸ್ ಪಿಟೀಲು ಹಿಡಿದರು, ಜಾನ್ ವೆಟನ್ ಬೇಸ್ ಗಿಟಾರ್‌ನಲ್ಲಿ ಮೆಲ್ಲಗೆ ಜೊತೆಗೂಡಿದರು, ಫ್ರಿಪ್ ಟೇಪಿನಿಂದ ನುಡಿಯುವ ಕೀಲಿಮಣೆಯಾದ ಮೆಲ್ಲೊಟ್ರಾನ್‌ನಲ್ಲಿ ಕೊಳಲಿನ ಧ್ವನಿ ತೆಗೆದರು. ಡ್ರಮ್ ವಾದಕ ಬಿಲ್ ಬ್ರೂಫರ್ಡ್ ಕೋಲುಗಳನ್ನು ಎದೆಯ ಮೇಲೆ ಅಡ್ಡ ಹಿಡಿದು ಸುಮ್ಮನೆ ಕುಳಿತರು. ಕೊನೆಯವರೆಗೂ ಒಂದು ಪೆಟ್ಟೂ ಹಾಕಲಿಲ್ಲ. ತಂಡ ಆ ಮೌನವನ್ನು ವಾದನವೆಂದೇ ಪರಿಗಣಿಸಿ, ರಚನೆಕಾರರ ಪಟ್ಟಿಯಲ್ಲಿ ಬ್ರೂಫರ್ಡ್ ಹೆಸರನ್ನೂ ಸೇರಿಸಿತು. ಆಲ್ಬಂನಲ್ಲಿ ಕೇಳುವಾಗ ಇದೊಂದು ಚೆಂದದ ಪುಟ್ಟ ರಚನೆ, ಅಷ್ಟೇ. ಇಡೀ ಕಛೇರಿ 1997ರಲ್ಲಿ ‘ದಿ ನೈಟ್ ವಾಚ್’ ಎಂಬ ಹೆಸರಿನಲ್ಲಿ ಬಂದ ಮೇಲೆ, ಅದರ ಆಸುಪಾಸಿನ ಅಬ್ಬರದ ನಡುವೆ ಅದನ್ನು ಕೇಳಿದಾಗ ಬ್ರೂಫರ್ಡ್ ಏನನ್ನು ತಡೆದುಕೊಂಡು ಕುಳಿತಿದ್ದರು ಎನ್ನುವುದು ಅರ್ಥವಾಗುತ್ತದೆ.

ಆದ್ದರಿಂದ ನಿಮ್ಮ ಮೊದಲ ಹೆಜ್ಜೆ ಇದು: ‘ಸ್ಟಾರ್‌ಲೆಸ್ ಅಂಡ್ ಬೈಬಲ್ ಬ್ಲ್ಯಾಕ್’ ಕೇಳಿ, ಮರುದಿನ ‘ದಿ ನೈಟ್ ವಾಚ್’ ಕೇಳಿ. ಅದೇ ಟೇಪು, ಅದೇ ಸ್ವರಗಳು, ಆದರೆ ಮೊದಲನೆಯದರಲ್ಲಿ ಕೋಣೆಯೇ ಇಲ್ಲ, ಎರಡನೆಯದರಲ್ಲಿ ಇದೆ.

ನೀವು ಕರ್ನಾಟಕ ಸಂಗೀತ ಕೇಳುವವರು ಎಂದು ತಿಳಿದು ನನಗೆ ಅರ್ಧ ಕೆಲಸ ಮುಗಿಯಿತು. ಒಬ್ಬರೇ ವಿದ್ವಾಂಸರ ತೋಡಿಯನ್ನು ಹಲವು ಕಛೇರಿಗಳ ಟೇಪುಗಳಲ್ಲಿ ಕೇಳುವವರನ್ನು ನಾವು ಗೀಳಿನವರು ಎನ್ನುವುದಿಲ್ಲ. ಆಲಾಪನೆ ಪ್ರತಿ ಸಲವೂ ಹೊಸದಾಗಿ ಮೂಡುತ್ತದೆ ಎನ್ನುವುದು ನಮಗೆ ಗೊತ್ತು. ಆದರೆ ಈ ಹೋಲಿಕೆಯನ್ನು ಹೆಚ್ಚು ಎಳೆಯಬೇಡಿ. ನಮ್ಮ ಮನೋಧರ್ಮಕ್ಕೆ ರಾಗದ ಚೌಕಟ್ಟಿದೆ, ತಾಳದ ಕಾವಲಿದೆ. 1972ರಿಂದ 1974ರವರೆಗಿನ ಕಿಂಗ್ ಕ್ರಿಮ್ಸನ್ ಕಛೇರಿಯ ನಡುವೆ ‘ಇಂಪ್ರೊವ್’ಗೆ, ಅಂದರೆ ಸ್ಥಳದಲ್ಲೇ ಹುಟ್ಟಿಸಿ ನುಡಿಸುವುದಕ್ಕೆ, ಇಳಿದಾಗ ಅವರ ಬಳಿ ರಾಗವೂ ಇಲ್ಲ, ತಾಳವೂ ಇಲ್ಲ, ಯಾರು ಆರಂಭಿಸಬೇಕು ಎಂಬ ಒಪ್ಪಂದವೂ ಇಲ್ಲ. ಕೆಲವು ರಾತ್ರಿ ಐದು ನಿಮಿಷ ತಡಕಾಡಿ ಏನೂ ಸಿಗದೆ ಮುಂದಿನ ಹಾಡಿಗೆ ಹೋಗುತ್ತಾರೆ. ಕೆಲವು ರಾತ್ರಿ ‘ಟ್ರಿಯೊ’ ಸಿಗುತ್ತದೆ. ಅವುಗಳಿಗೆ ಹೆಸರು ಬಿದ್ದದ್ದೂ ಆಮೇಲೆಯೇ, ಹಲವಕ್ಕೆ ನುಡಿಸಿದ ಊರಿನ ಹೆಸರೇ ಗತಿ: ‘ಆಸ್ಬರಿ ಪಾರ್ಕ್’, ‘ಪ್ರಾವಿಡೆನ್ಸ್’. ನೀವು ಮೆಚ್ಚಿದ ‘ರೆಡ್’ ಆಲ್ಬಂನಲ್ಲಿ ಪಿಟೀಲಿನಿಂದ ಆರಂಭವಾಗಿ ನಿಧಾನವಾಗಿ ಬಿಗಿಯಾಗುತ್ತ ಹೋಗುವ ‘ಪ್ರಾವಿಡೆನ್ಸ್’ ಇದೆಯಲ್ಲ, ಅದು 1974ರ ಜೂನ್ 30ರಂದು ಅಮೆರಿಕದ ಪ್ರಾವಿಡೆನ್ಸ್ ನಗರದ ವೇದಿಕೆಯಲ್ಲಿ ಹುಟ್ಟಿದ್ದು. ಅಂದರೆ ನೀವು ಈಗಾಗಲೇ ಕಛೇರಿಯ ಧ್ವನಿಮುದ್ರಣವೊಂದನ್ನು ಮೆಚ್ಚಿಕೊಂಡಿದ್ದೀರಿ.

ಇನ್ನು ಸ್ಟುಡಿಯೊದ ಬಾಗಿಲನ್ನೇ ಕಾಣದ ಹಾಡುಗಳಿವೆ. ‘ಡಾಕ್ಟರ್ ಡೈಮಂಡ್’ ಎಂಬ ಒರಟು, ಭಾರವಾದ ಹಾಡನ್ನು ಇದೇ ತಂಡ 1973–74ರಲ್ಲಿ ವೇದಿಕೆಯಲ್ಲಿ ನುಡಿಸುತ್ತಿತ್ತು, ಯಾವ ಸ್ಟುಡಿಯೊ ಆಲ್ಬಂಗೂ ಅದು ಸೇರಲಿಲ್ಲ. ಕಿಂಗ್ ಕ್ರಿಮ್ಸನ್ ಎಂಬ ಹೆಸರಿನಡಿ ಫ್ರಿಪ್ ಒಬ್ಬರನ್ನು ಬಿಟ್ಟು ಉಳಿದವರು ಕಾಲಕಾಲಕ್ಕೆ ಬದಲಾಗುತ್ತಿದ್ದರು. 1969ರ ಮೊದಲ ತಂಡ ಹೋಲ್ಸ್ಟ್ ಎಂಬ ಇಂಗ್ಲಿಷ್ ಸಂಗೀತಗಾರನ ‘ಮಾರ್ಸ್’ ಅನ್ನು ಮೆಲ್ಲೊಟ್ರಾನ್‌ಗೆ ಅಳವಡಿಸಿ, ಕಛೇರಿಯ ಕೊನೆಗೆ ಕೇಳುಗರ ಎದೆ ನಡುಗುವಂತೆ ನುಡಿಸುತ್ತಿತ್ತು. ಮೊದಲ ಆಲ್ಬಂ ಕೇಳಿ ಆ ತಂಡದ ಚಿತ್ರ ಕಟ್ಟಿಕೊಂಡವರಿಗೆ ಇದರ ಸುಳಿವೂ ಸಿಗದು. ಆಲ್ಬಂನಲ್ಲಿ ಕೇಳಿಸುವುದು ಗಂಭೀರ, ವಿಷಣ್ಣ ತಂಡ. 1997ರಲ್ಲಿ ಬಂದ ‘ಎಪಿಟಾಫ್’ ಸಂಗ್ರಹದಲ್ಲಿ ಕೇಳಿಸುವುದು ನಗುವ, ಕೆಣಕುವ, ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುವ ಹುಡುಗರ ತಂಡ. 1969ರ ಜನವರಿಯಲ್ಲಿ ಅಭ್ಯಾಸ ಆರಂಭಿಸಿ, ಜುಲೈ 5ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡಕ್ಕೂ ಮೊದಲು ಲಕ್ಷಾಂತರ ಜನರ ಮುಂದೆ ನುಡಿಸಿ, ಡಿಸೆಂಬರ್‌ನಲ್ಲಿ ಅಮೆರಿಕದ ಪ್ರವಾಸ ಮುಗಿಯುವ ಹೊತ್ತಿಗೆ ಒಡೆದುಹೋದ ತಂಡ ಅದು. ಅದರ ಆಯುಷ್ಯ ಒಂದು ವರ್ಷವೂ ಇಲ್ಲ, ಆಲ್ಬಂ ಒಂದೇ. ಮಿಕ್ಕಿದ್ದೆಲ್ಲ ಕಛೇರಿಗಳಲ್ಲಿದೆ. ಮೈಕಲ್ ಜೈಲ್ಸ್ ಎಂತಹ ಡ್ರಮ್ ವಾದಕ ಎನ್ನುವುದು ನನಗೆ ಪೂರ್ತಿ ಮನವರಿಕೆಯಾದದ್ದು ‘ಎಪಿಟಾಫ್’ ಕೇಳಿದ ಮೇಲೆಯೇ.

ಎಲ್ಲಿಂದ ಆರಂಭಿಸಬೇಕು ಎಂಬುದಕ್ಕೆ ನನ್ನ ಸಲಹೆ ಬಹುತೇಕ ಅಭಿಮಾನಿಗಳ ಸಲಹೆಗಿಂತ ಬೇರೆ. ಅವರು ‘ಅತ್ಯುತ್ತಮ ಹತ್ತು ಕಛೇರಿ’ಗಳ ಪಟ್ಟಿ ಕೊಡುತ್ತಾರೆ. ನೀವು ಕಛೇರಿಗಳನ್ನು ಬೆನ್ನಟ್ಟಬೇಡಿ, ಒಂದು ರಚನೆಯನ್ನು ಬೆನ್ನಟ್ಟಿ. ನಿಮಗೆ ‘ರೆಡ್’ ಇಷ್ಟವಾಗಿದ್ದರಿಂದ ಅದರ ಕೊನೆಯ ಹಾಡು ‘ಸ್ಟಾರ್‌ಲೆಸ್’ ಅನ್ನೇ ಆರಿಸಿಕೊಳ್ಳೋಣ.

ಹಾಡಿನ ಬೀಜ ವೆಟನ್ ಅವರದು. ಮೇಲೆ ಹೇಳಿದ ಹಿಂದಿನ ಆಲ್ಬಂಗೆಂದೇ ಅವರು ಅದನ್ನು ತಂದಿದ್ದರು. ಫ್ರಿಪ್ ಮತ್ತು ಬ್ರೂಫರ್ಡ್ ಮೊದಲು ಒಪ್ಪಲಿಲ್ಲ, ಹೆಸರು ಮಾತ್ರ ಒಂದು ಇಂಪ್ರೊವ್‌ಗೂ ಆಲ್ಬಂಗೂ ಹೋಯಿತು. ಆಮೇಲೆ ಹಾಡು ಮತ್ತೆ ಎದ್ದಿತು, ನಡುವಿನ ಭಾಗಕ್ಕೆ ಬ್ರೂಫರ್ಡ್ ಒಂದು ಬೇಸ್ ಸಾಲು ಕೊಟ್ಟರು. ಹದಿಮೂರರ ಎಣಿಕೆಯ ಆ ಸಾಲು ಸುತ್ತಿ ಸುತ್ತಿ ಬರುತ್ತದೆ. ಬೆರಳಿನಲ್ಲಿ ತಾಳ ಹಾಕಿ ನೋಡಿ, ನಿಮಗೆ ಬೇಗ ಕೈಗೆ ಹತ್ತುತ್ತದೆ. ಅದರ ಮೇಲೆ ಫ್ರಿಪ್ ಒಂದೇ ಸ್ವರವನ್ನು ಎರಡು ತಂತಿಗಳಲ್ಲಿ ಹಿಡಿದು, ಅದನ್ನೇ ಮತ್ತೆ ಮತ್ತೆ ಮೀಟುತ್ತ, ತುಂಬ ಹೊತ್ತಿನ ನಂತರ ಮೇಲಿನ ಸ್ವರಕ್ಕೆ, ಇನ್ನಷ್ಟು ಹೊತ್ತಿನ ನಂತರ ಅದರ ಮೇಲಿನದಕ್ಕೆ ಏರುತ್ತಾರೆ.

1974ರ ವಸಂತದಿಂದ ಜುಲೈ 1ರವರೆಗೆ, ಅಂದರೆ ‘ರೆಡ್’ ಧ್ವನಿಮುದ್ರಣಕ್ಕೂ ಮೊದಲೇ, ತಂಡ ಈ ಹಾಡನ್ನು ಯೂರೋಪ್ ಮತ್ತು ಅಮೆರಿಕದ ವೇದಿಕೆಗಳಲ್ಲಿ ನುಡಿಸಿತು. ಅಲ್ಲಿನ ದೊಡ್ಡ ವ್ಯತ್ಯಾಸ ಆರಂಭದಲ್ಲೇ ಎದುರಾಗುತ್ತದೆ. ಆ ಉದ್ದನೆಯ, ಕರುಳು ಹಿಂಡುವ ಮುಖ್ಯ ಧಾಟಿಯನ್ನು ಅಲ್ಲಿ ಪಿಟೀಲಿನಲ್ಲಿ ಎತ್ತಿಕೊಳ್ಳುವವರು ಕ್ರಾಸ್. ‘ರೆಡ್’ ಹೊತ್ತಿಗೆ ಕ್ರಾಸ್ ತಂಡದಲ್ಲಿರಲಿಲ್ಲ. ಸ್ಟುಡಿಯೊಗೆ ಹಳೆಯ ಸಂಗಾತಿಗಳಾದ ಮೆಲ್ ಕಾಲಿನ್ಸ್, ಇಯಾನ್ ಮೆಕ್‌ಡೊನಾಲ್ಡ್ ಸ್ಯಾಕ್ಸೊಫೋನ್ ಹಿಡಿದು ಅತಿಥಿಗಳಾಗಿ ಬಂದರು. ನಮಗೆ ‘ಮೂಲ’ ಎನಿಸುವ ರೂಪ ಹೀಗೆ ಅತಿಥಿಗಳ ನೆರವಿನಿಂದ ಕಟ್ಟಿದ್ದು. ಹಾಡನ್ನು ಪ್ರವಾಸದುದ್ದಕ್ಕೂ ಹೊತ್ತು ತಿರುಗಿದ ಪಿಟೀಲು ಅದರಲ್ಲಿ ಇಲ್ಲ.

ಕಛೇರಿಗಳಲ್ಲಿ ಕ್ರಾಸ್ ಅವರ ಪಿಟೀಲನ್ನು ಕೇಳುವುದು ಒಂದು ನೋವಿನ ಅನುಭವವೂ ಹೌದು. ವೆಟನ್ ಮತ್ತು ಬ್ರೂಫರ್ಡ್ ಆ ವರ್ಷ ದಿನದಿಂದ ದಿನಕ್ಕೆ ಜೋರಾಗುತ್ತಿದ್ದರು. ವೇದಿಕೆಯ ಮೇಲಿನ ಆ ಸದ್ದಿನಲ್ಲಿ ಪಿಟೀಲು ತನ್ನ ಜಾಗಕ್ಕಾಗಿ ಹೋರಾಡಬೇಕಿತ್ತು. ಮಾರ್ಚ್‌ನ ಜರ್ಮನಿಯ ಕಛೇರಿಯೊಂದನ್ನೂ ಜೂನ್ ಕೊನೆಯ ಅಮೆರಿಕದ ಕಛೇರಿಯೊಂದನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ, ಒಬ್ಬ ಮನುಷ್ಯ ತನ್ನದೇ ತಂಡದಿಂದ ನಿಧಾನವಾಗಿ ಹೊರಗೆ ತಳ್ಳಲ್ಪಡುತ್ತಿರುವುದು ಕಿವಿಗೆ ಬೀಳುತ್ತದೆ. 1974ರ ಜುಲೈ 1ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಕಛೇರಿಯೇ ಅವರಿಗೆ ಕೊನೆಯದಾಯಿತು. ಆ ದಶಕದಲ್ಲಿ ತಂಡಕ್ಕೂ ಅದೇ ಕೊನೆಯ ಕಛೇರಿ. ಸೆಪ್ಟೆಂಬರ್‌ನಲ್ಲಿ ಫ್ರಿಪ್ ತಂಡವನ್ನೇ ವಿಸರ್ಜಿಸಿದರು, ‘ರೆಡ್’ ಅಂಗಡಿಗೆ ಬಂದದ್ದು ಅದರ ನಂತರ.

ನಲವತ್ತು ವರ್ಷ ದಾಟಿ ಮುಂದಕ್ಕೆ ಬನ್ನಿ. 2014ರಲ್ಲಿ ಫ್ರಿಪ್ ಏಳು ಜನರ ಹೊಸ ತಂಡ ಕಟ್ಟಿದರು. ಮೂವರು ಡ್ರಮ್ ವಾದಕರು ವೇದಿಕೆಯ ಮುಂಭಾಗದಲ್ಲಿ, ಉಳಿದವರು ಅವರ ಹಿಂದೆ ಎತ್ತರದ ಜಗುಲಿಯಲ್ಲಿ. ರಾಕ್ ತಂಡದ ಎಂದಿನ ಕ್ರಮವನ್ನು ಹಿಂದುಮುಂದು ಮಾಡಿದ ಏರ್ಪಾಡು ಅದು. ಸ್ಯಾಕ್ಸೊಫೋನ್ ಹಿಡಿದು ಬಂದವರು ‘ರೆಡ್’ನಲ್ಲಿ ಅತಿಥಿಯಾಗಿದ್ದ ಅದೇ ಮೆಲ್ ಕಾಲಿನ್ಸ್. 2015ರ ನವೆಂಬರ್ 20ರ ಕಛೇರಿಯ ‘ಲೈವ್ ಇನ್ ಟೊರಾಂಟೊ’ ಎತ್ತಿಕೊಂಡು ‘ಸ್ಟಾರ್‌ಲೆಸ್’ ಹಾಕಿ. ಯೌವನದ ಸಿಟ್ಟು ಅಲ್ಲಿಲ್ಲ, ಅವಸರವೂ ಇಲ್ಲ. ನಡುವಿನ ಹದಿಮೂರರ ಭಾಗದಲ್ಲಿ ಮೂವರು ಡ್ರಮ್ ವಾದಕರು ಬ್ರೂಫರ್ಡ್ ಒಬ್ಬರೇ ಮಾಡುತ್ತಿದ್ದ ಚಿಲ್ಲರೆ ಸದ್ದುಗಳನ್ನು ತಮ್ಮೊಳಗೆ ಹಂಚಿಕೊಳ್ಳುತ್ತಾರೆ. ಹೆಡ್‌ಫೋನ್‌ನಲ್ಲಿ ಕೇಳಿದರೆ ಅವು ಎಡದಿಂದ ಬಲಕ್ಕೆ ಕೈ ಬದಲಾಗುವುದು ತಿಳಿಯುತ್ತದೆ. ಸಭಾಂಗಣದಲ್ಲಿದ್ದವರಿಗೆ ಇನ್ನೊಂದು ಭಾಗ್ಯವಿತ್ತು. ಆ ಪ್ರವಾಸಗಳಲ್ಲಿ ಸಂಜೆಯುದ್ದಕ್ಕೂ ಬೆಳಕು ಬದಲಾಗದೆ ಸರಳವಾಗಿರುತ್ತಿತ್ತು. ಈ ಹಾಡಿನ ಏರುಗತಿಯಲ್ಲಿ ಮಾತ್ರ ವೇದಿಕೆ ಮೆಲ್ಲಮೆಲ್ಲನೆ ಕೆಂಪಾಗುತ್ತ ಹೋಗುತ್ತಿತ್ತು.

ಮೂರು ರೂಪಗಳನ್ನು ಹೀಗೆ ಕೇಳಿದ ಮೇಲೆ ಎರಡನೆಯ ಎಳೆಗೆ ‘ಟ್ವೆಂಟಿಫಸ್ಟ್ ಸೆಂಚುರಿ ಸ್ಕಿಜಾಯ್ಡ್ ಮ್ಯಾನ್’ ಹಿಡಿಯಿರಿ. 1969ರ ಆಲ್ಬಂನ ಮೊದಲ ಹಾಡು, ಆದ್ದರಿಂದ ನಿಮಗೆ ಪರಿಚಿತ. ನಡುವೆ ಎಲ್ಲ ವಾದ್ಯಗಳೂ ಒಟ್ಟಿಗೆ ಒಂದೇ ಉಸಿರಿನಲ್ಲಿ ಓಡಿ, ಗಕ್ಕನೆ ನಿಂತು, ಮತ್ತೆ ಓಡುವ ಭಾಗವಿದೆಯಲ್ಲ, ಅದನ್ನು ಎಲ್ಲ ತಂಡಗಳೂ ಬರೆದಂತೆಯೇ ನುಡಿಸುತ್ತವೆ. ಅದಕ್ಕೂ ಮೊದಲು ಬರುವ ಬಿಡಿವಾದನದ ಜಾಗದಲ್ಲಿ ಮಾತ್ರ ಯಾವ ವರ್ಷ, ಯಾವ ತಂಡ ಎನ್ನುವುದು ಬಯಲಾಗುತ್ತದೆ. ಅಭಿಮಾನಿಗಳ ಈ ರುಚಿಯನ್ನು ತಂಡವೂ ಬಲ್ಲದು. 2002ರ ‘ಲೇಡೀಸ್ ಆಫ್ ದಿ ರೋಡ್’ ಸಂಗ್ರಹದ ಎರಡನೆಯ ಸಿ.ಡಿ.ಯಲ್ಲಿ 1971–72ರ ಹಲವು ರಾತ್ರಿಗಳ ಬಿಡಿವಾದನಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ, ಇಡೀ ಸಿ.ಡಿ. ಒಂದೇ ಹಾಡಿನಂತೆ ಹರಿಯುವ ಹಾಗೆ ಮಾಡಿದ್ದಾರೆ. ಕೇಳಿ ಮುಗಿಸುವುದು ಸುಲಭವಲ್ಲ, ಆದರೆ ಅಭಿಮಾನಿಗಳ ಕಿವಿ ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ.

ಸದ್ದು ಕೆಟ್ಟಿದೆ ಎಂದಿರಿ. ಅದರ ಕಾರಣ ತಿಳಿದರೆ ಕೇಳುವುದು ಹಗುರವಾಗುತ್ತದೆ. ಈ ಧ್ವನಿಮುದ್ರಣಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಂದು ಮಲ್ಟಿಟ್ರ್ಯಾಕ್: ಪ್ರತಿ ವಾದ್ಯವನ್ನೂ ಟೇಪಿನ ಬೇರೆ ಬೇರೆ ಪಟ್ಟಿಗಳಲ್ಲಿ ಹಿಡಿದು, ಆಮೇಲೆ ಬಿಡುವಾಗಿ ಹದ ಮಾಡಿದ್ದು. ‘ದಿ ನೈಟ್ ವಾಚ್’ ಇಂತಹುದು. ಎರಡನೆಯದು ಸೌಂಡ್‌ಬೋರ್ಡ್: ಸಭಾಂಗಣದ ಧ್ವನಿವರ್ಧಕಕ್ಕೆ ಹೋಗುತ್ತಿದ್ದ ಮಿಶ್ರಣವನ್ನೇ ನೇರವಾಗಿ ಟೇಪಿಗೆ ಇಳಿಸಿದ್ದು. ಇದು ಸ್ಪಷ್ಟವಾಗಿರುತ್ತದೆ, ಆದರೆ ಹದ ತಪ್ಪಿರುತ್ತದೆ. ಡ್ರಮ್ಸ್ ಮತ್ತು ಗಿಟಾರ್ ಸಭಾಂಗಣದಲ್ಲಿ ತಮ್ಮಷ್ಟಕ್ಕೇ ಜೋರಾಗಿ ಕೇಳುವುದರಿಂದ ಧ್ವನಿ ಹದಗೊಳಿಸುವವರು ಅವನ್ನು ಹೆಚ್ಚು ಏರಿಸಿರುವುದಿಲ್ಲ. ಹಾಡುಗಾರಿಕೆ, ಪಿಟೀಲುಗಳನ್ನು ಏರಿಸಿರುತ್ತಾರೆ. ಟೇಪಿನಲ್ಲಿ ಹಾಡುಗಾರ ನಿಮ್ಮ ಕಿವಿಯೊಳಗೇ ನಿಂತಿರುತ್ತಾನೆ, ಡ್ರಮ್ಸ್ ಪಕ್ಕದ ಬೀದಿಯಲ್ಲಿರುತ್ತದೆ. ಮೂರನೆಯದು ಪ್ರೇಕ್ಷಕರ ನಡುವೆ ಕೂತವರು ಮಾಡಿದ್ದು. ಹದ ಸಭಾಂಗಣದ್ದೇ, ಸ್ಪಷ್ಟತೆ ಇಲ್ಲ. ಇಂತಹ ಕ್ಯಾಸೆಟ್‌ಗಳನ್ನು ಅಭಿಮಾನಿಗಳು ಅಂಚೆಯಲ್ಲಿ ವಿನಿಮಯ ಮಾಡಿಕೊಳ್ಳುತ್ತಿದ್ದರು. ಪ್ರತಿಯ ಪ್ರತಿಯ ಪ್ರತಿ ಮಾಡುತ್ತ ಸದ್ದು ಇನ್ನಷ್ಟು ಮಂಕಾಗುತ್ತಿತ್ತು, ಯಂತ್ರದ ವೇಗದ ವ್ಯತ್ಯಾಸದಿಂದ ಶ್ರುತಿಯೇ ಮೇಲೆ ಕೆಳಗೆ ಆಗುತ್ತಿತ್ತು. ತಾಳ್ಮೆಯಿಂದ ಕುಳಿತು ಆ ಶ್ರುತಿಯನ್ನು ಸರಿಪಡಿಸಿದವರೂ ಅಭಿಮಾನಿಗಳೇ.

ಮೆಲ್ಲೊಟ್ರಾನ್ ಬಗ್ಗೆ ಒಂದು ಮಾತು, ಏಕೆಂದರೆ ಹಳೆಯ ಕಛೇರಿಗಳಲ್ಲಿ ಅಪಶ್ರುತಿ ಕೇಳಿದಾಗ ನೀವು ವಾದಕರನ್ನು ದೂರಬಾರದು. ಅದು ಟೇಪಿನ ತುಣುಕುಗಳಿಂದ ನುಡಿಯುವ ಕೀಲಿಮಣೆ. ಪ್ರತಿ ಮನೆಗೂ ಸುಮಾರು ಎಂಟು ಸೆಕೆಂಡಿನ ಒಂದೊಂದು ಟೇಪಿನ ಪಟ್ಟಿ, ಅದರಲ್ಲಿ ನಿಜವಾದ ಪಿಟೀಲಿನದೋ ಕೊಳಲಿನದೋ ಧ್ವನಿ. ಮನೆ ಒತ್ತಿದರೆ ಪಟ್ಟಿ ಓಡುತ್ತದೆ. ಲಾರಿಯಲ್ಲಿ ಊರೂರು ಸಾಗಿಸಿ, ಅಂದಂದಿನ ತೇವಕ್ಕೂ ವಿದ್ಯುತ್ತಿನ ಏರಿಳಿತಕ್ಕೂ ಒಡ್ಡಿದ ಇಂತಹ ಯಂತ್ರ ಶ್ರುತಿಯಲ್ಲಿ ನಿಲ್ಲುವುದಾದರೂ ಹೇಗೆ?

ಕೆಟ್ಟ ಸದ್ದಿನ ಮಾತು ಬಂದರೆ ‘ಅರ್ಥ್‌ಬೌಂಡ್’ ಪ್ರಸ್ತಾಪವಾಗಲೇಬೇಕು. 1972ರ ಆರಂಭದಲ್ಲಿ ಆಗಿನ ತಂಡ ಒಳಗೊಳಗೇ ಮುರಿದುಹೋಗಿತ್ತು, ಒಪ್ಪಂದದ ಕಾರಣಕ್ಕೆ ಅಮೆರಿಕದಲ್ಲಿ ಪ್ರವಾಸ ಮಾಡಿತು. ಆ ಕಛೇರಿಗಳನ್ನು ಸಾಧಾರಣ ಕ್ಯಾಸೆಟ್‌ಗೆ ಇಳಿಸಿಕೊಂಡು, ಅದರಿಂದಲೇ ಎಲ್.ಪಿ. ಮಾಡಿದರು. ಇಂಗ್ಲೆಂಡಿನಲ್ಲಿ ಅಗ್ಗದ ಬೆಲೆಗೆ ಮಾರಿದರು, ಅಮೆರಿಕದ ಕಂಪನಿ ಅದನ್ನು ಹೊರತರಲು ಒಪ್ಪಲೇ ಇಲ್ಲ. ಅಧಿಕೃತ ಸಿ.ಡಿ. ಬರಲು 2002ರವರೆಗೆ ಕಾಯಬೇಕಾಯಿತು. ಅದರಲ್ಲಿನ ‘ಸ್ಕಿಜಾಯ್ಡ್ ಮ್ಯಾನ್’ ಸದ್ದು ಒಡೆದು ಚೂರಾಗಿದೆ, ಬಾಝ್ ಬರೆಲ್ ಅವರ ಕಂಠ ಗರಗಸದಂತಿದೆ, ಆದರೂ ಆ ಹಾಡಿನ ಇಷ್ಟು ಕ್ರೂರವಾದ ರೂಪ ಇನ್ನೊಂದಿಲ್ಲ. ನನಗೆ ಅದು ಪ್ರಿಯ. ಆದರೆ ನೀವು ಅದನ್ನು ಕೊನೆಗೆ ಇಟ್ಟುಕೊಳ್ಳಿ.

1975ರ ‘ಯು.ಎಸ್.ಎ.’ ಎಲ್.ಪಿ.ಯ ವಿಷಯ ಬೇರೆ. ಅದರಲ್ಲಿ 1974ರ ಜೂನ್ 28ರ ಆಸ್ಬರಿ ಪಾರ್ಕ್ ಕಛೇರಿಯೇ ಮುಖ್ಯ, ಜೊತೆಗೆ ಪ್ರಾವಿಡೆನ್ಸ್‌ನಿಂದ ಒಂದು ಹಾಡು. ಆದರೆ ಕ್ರಾಸ್ ನುಡಿಸಿದ ಕೆಲವು ಭಾಗಗಳ ಬದಲಿಗೆ ಎಡ್ಡಿ ಜಾಬ್ಸನ್ ಎಂಬ ಇನ್ನೊಬ್ಬ ವಾದಕರಿಂದ ಸ್ಟುಡಿಯೊದಲ್ಲಿ ಪಿಟೀಲು, ಪಿಯಾನೊ ನುಡಿಸಿ ಸೇರಿಸಿದ್ದರು. ಜಾಬ್ಸನ್ ಒಳ್ಳೆಯ ವಾದಕರೇ. ಆದರೂ ಆ ರಾತ್ರಿ ಅಲ್ಲಿರದವರ ವಾದನ ಆ ರಾತ್ರಿಯ ಹೆಸರಿನಲ್ಲಿ ಕೇಳಿಸುವುದನ್ನು ನಾನು ಒಪ್ಪಲಾರೆ. ಮುಂದೆ ಇಡೀ ಕಛೇರಿ ಕ್ರಾಸ್ ಅವರದೇ ಪಿಟೀಲಿನೊಂದಿಗೆ ಹೊರಬಂತು. ಈಗ ಅದನ್ನೇ ಕೇಳಬೇಕು.

1980ರ ದಶಕದ ತಂಡದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಏಕೆಂದರೆ ಒಂದೇ ಧ್ವನಿಮುದ್ರಣ ಸಾಕು: ‘ಆಬ್ಸೆಂಟ್ ಲವರ್ಸ್’, 1984ರ ಜುಲೈ 11, ಮಾಂಟ್ರಿಯಲ್, ಆ ತಂಡದ ಕೊನೆಯ ರಾತ್ರಿ, ಬಿಡುಗಡೆಯಾದದ್ದು 1998ರಲ್ಲಿ. ಇಲ್ಲಿ ಮನೋಧರ್ಮಕ್ಕಿಂತ ಲೆಕ್ಕಾಚಾರ ಹೆಚ್ಚು. ‘ಫ್ರೇಮ್ ಬೈ ಫ್ರೇಮ್’ನಲ್ಲಿ ಫ್ರಿಪ್ ಮತ್ತು ಆ ತಂಡದ ಇನ್ನೊಬ್ಬ ಗಿಟಾರ್ ವಾದಕ ಏಡ್ರಿಯನ್ ಬೆಲ್ಯೂ ಏಳರ ಎಣಿಕೆಯಲ್ಲಿ ಒಟ್ಟಿಗೆ ಹೊರಡುತ್ತಾರೆ. ಆಮೇಲೆ ಒಬ್ಬರ ಸುತ್ತಿನಲ್ಲಿ ಒಂದು ಸ್ವರ ಕಡಿಮೆಯಾಗುತ್ತದೆ, ಇಬ್ಬರೂ ಸುತ್ತುಸುತ್ತಿಗೆ ದೂರವಾಗುತ್ತ ಹೋಗಿ ಕೊನೆಗೆ ಮತ್ತೆ ಕೂಡುತ್ತಾರೆ. ತನಿ ಆವರ್ತನ ಕೇಳುವ ಕಿವಿಗೆ ಇದು ಹಬ್ಬ. ಸ್ಟುಡಿಯೊದಲ್ಲಿ ಇದು ಅಚ್ಚುಕಟ್ಟಾಗಿದೆ. ಮಾಂಟ್ರಿಯಲ್‌ನಲ್ಲಿ ಅದೇ ಅಚ್ಚುಕಟ್ಟಿಗೆ ಬಿಸಿ ಏರಿದೆ.

1990ರ ದಶಕದ ಆರು ಜನರ ತಂಡದಲ್ಲಿ ‘ಬೀ ಬೂಮ್’ ಕೇಳಬಹುದು. 1994ರ ಬ್ವೆನಸ್ ಐರಿಸ್ ಕಛೇರಿಗಳ ಕಳ್ಳ ಪ್ರತಿಗಳು ಹರಿದಾಡತೊಡಗಿದಾಗ ತಂಡವೇ ಮುಂದೆ ಬಂದು ಹೊರತಂದ ಧ್ವನಿಮುದ್ರಣ ಅದು. 1996ರ ‘ಥ್ರಾಕಟ್ಟಾಕ್’ ಪೂರ್ತಿ ಇಂಪ್ರೊವ್, ಹಿಡಿದುಕೊಳ್ಳಲು ಒಂದು ಧಾಟಿಯೂ ಇಲ್ಲ. ಅದನ್ನು ಸದ್ಯಕ್ಕೆ ಬಿಡಿ.

ಈಗ ಕಳ್ಳ ಧ್ವನಿಮುದ್ರಣದ ಪ್ರಶ್ನೆ. ಫ್ರಿಪ್ ಈ ವಿಷಯದಲ್ಲಿ ರಾಕ್ ಲೋಕದಲ್ಲೇ ಅತ್ಯಂತ ಕಠಿಣ ಮನುಷ್ಯ. ಪ್ರೇಕ್ಷಕರಲ್ಲಿ ಒಬ್ಬರು ಯಂತ್ರ ಹಿಡಿದು ಕೂತರೆ ವಾದಕರಿಗೂ ಕೇಳುಗರಿಗೂ ನಡುವಿನ ನಂಬಿಕೆ ಮುರಿಯುತ್ತದೆ, ಸಂಗೀತ ಬಾರದೆ ಹೋಗುತ್ತದೆ ಎಂಬುದು ಅವರ ನಿಲುವು. 2014ರ ನಂತರದ ಕಛೇರಿಗಳಲ್ಲಿ ಚಿತ್ರ ತೆಗೆಯಬೇಡಿ, ಧ್ವನಿಮುದ್ರಿಸಬೇಡಿ, ಕಣ್ಣು ಕಿವಿಗಳನ್ನೇ ಅದಕ್ಕೆ ಬಳಸಿ ಎಂದು ಮೊದಲೇ ಕೇಳಿಕೊಳ್ಳುತ್ತಿದ್ದರು. ಕೊನೆಯಲ್ಲಿ ಬೇಸ್ ವಾದಕ ಟೋನಿ ಲೆವಿನ್ ತಮ್ಮ ಕ್ಯಾಮೆರಾ ಎತ್ತಿ ಪ್ರೇಕ್ಷಕರ ಚಿತ್ರ ತೆಗೆಯಲು ಆರಂಭಿಸಿದಾಗ ಪ್ರೇಕ್ಷಕರೂ ತೆಗೆಯಬಹುದಿತ್ತು. ಆ ಸಂಜೆಗಳಲ್ಲಿ ಮೊಬೈಲ್ ಪರದೆಗಳಿಲ್ಲದ ಸಭಾಂಗಣ ಎಂತಹ ಏಕಾಗ್ರತೆ ಕೊಡುತ್ತಿತ್ತು ಎನ್ನುವುದನ್ನು ಧ್ವನಿಮುದ್ರಣಗಳಲ್ಲೂ ಗುರುತಿಸಬಹುದು. ಮೆಲುವಾದ ಜಾಗಗಳಲ್ಲಿ ಜನ ಉಸಿರು ಬಿಗಿಹಿಡಿದಂತೆ ಸುಮ್ಮನಿರುತ್ತಾರೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. 1969ರ ಕೆಲವು ಕಛೇರಿಗಳು ಉಳಿದಿರುವುದೇ ಯಾರೋ ಪ್ರೇಕ್ಷಕರು ಹಿಡಿದಿಟ್ಟ ಟೇಪುಗಳಲ್ಲಿ. ತಂಡವೂ ಅದನ್ನು ಒಪ್ಪಿಕೊಂಡು ಅಂತಹ ಟೇಪುಗಳನ್ನು ಶುದ್ಧಗೊಳಿಸಿ ಅಧಿಕೃತವಾಗಿ ಹೊರತಂದಿದೆ. ಫ್ರಿಪ್ ಮತ್ತು ಡೇವಿಡ್ ಸಿಂಗಲ್ಟನ್ ಸೇರಿ ಕಟ್ಟಿದ ಡಿ.ಜಿ.ಎಂ. ಸಂಸ್ಥೆ 1998ರಲ್ಲಿ ‘ಕಲೆಕ್ಟರ್ಸ್ ಕ್ಲಬ್’ ಎಂಬ ಸರಣಿ ಆರಂಭಿಸಿತು. ಅದರ ಮೊದಲ ಸಿ.ಡಿ. 1969ರಲ್ಲಿ ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ನಡೆದ ಕಛೇರಿ. ಮುಂದೆ ಕಛೇರಿಗಳನ್ನು ಒಂದೊಂದಾಗಿ ಡೌನ್‌ಲೋಡ್ ರೂಪದಲ್ಲಿ ಮಾರತೊಡಗಿತು. ಕಳ್ಳ ಪ್ರತಿಗಳ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ: ಅದೇ ಕಛೇರಿ, ಹೆಚ್ಚು ಒಳ್ಳೆಯ ಸದ್ದು, ಹಣ ನುಡಿಸಿದವರಿಗೆ. ಐವತ್ತು ವರ್ಷ ಹಿಂದಿನ ಟೇಪನ್ನು ಕಾಪಾಡಿದವರಿಗೆ ನಾನು ಕೃತಜ್ಞ. ಇಂದು ಅಧಿಕೃತವಾಗಿ ಸಿಗುವುದನ್ನು ಬಿಟ್ಟು ಕದ್ದದ್ದನ್ನು ಕೇಳುವುದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ.

ಒಂದು ವಿಷಯದಲ್ಲಿ ನಾನು ತಂಡದ ಆಯ್ಕೆಯನ್ನೂ ಒಪ್ಪುವುದಿಲ್ಲ. 2016ರ ‘ರ‍್ಯಾಡಿಕಲ್ ಆ್ಯಕ್ಷನ್’ ಸಂಗ್ರಹ ಬಹುಮಟ್ಟಿಗೆ ಜಪಾನಿನ ತಕಮತ್ಸು ನಗರದ ಕಛೇರಿ. ಅದರಿಂದ ಪ್ರೇಕ್ಷಕರ ಸದ್ದನ್ನು ಪೂರ್ತಿ ಅಳಿಸಿದ್ದಾರೆ. 1974ರಲ್ಲಿ ಮಾಡಿದ್ದನ್ನೇ ಹೆಚ್ಚು ನಾಜೂಕಾಗಿ ಮಾಡಿದ್ದಾರೆ, ಸದ್ದು ಬೆರಗುಗೊಳಿಸುತ್ತದೆ. ಆದರೂ ನನಗೆ ಅದರಲ್ಲಿ ಸಭಾಂಗಣದ ಗಾಳಿ ಸಾಲದು. ಅದೇ ವರ್ಷ ಬಂದ ಟೊರಾಂಟೊ ಕಛೇರಿಯನ್ನು ನಾನು ಅದಕ್ಕಿಂತ ಮೇಲೆ ಇಡುತ್ತೇನೆ. 2017ರ ಜೂನ್ 28ರ ‘ಲೈವ್ ಇನ್ ಷಿಕಾಗೊ’ವನ್ನು ಇನ್ನೂ ಮೇಲೆ. ದಶಕಗಳಿಂದ ಮುಟ್ಟದೆ ಬಿಟ್ಟಿದ್ದ 1970–71ರ ರಚನೆಗಳು ಅಲ್ಲಿ ಮತ್ತೆ ಜೀವ ತಳೆದಿವೆ, ಅವುಗಳ ಸ್ಟುಡಿಯೊ ರೂಪ ಅಷ್ಟೇನೂ ಹಿಡಿಸದವರಿಗೂ ಇವು ಹಿಡಿಸುತ್ತವೆ. 2021ರ ಡಿಸೆಂಬರ್ 8ರಂದು ಟೋಕಿಯೊದಲ್ಲಿ ಈ ತಂಡ ಕೊನೆಯ ಕಛೇರಿ ನುಡಿಸಿತು.

ದೊಡ್ಡ ಪೆಟ್ಟಿಗೆಗಳ ವಿಷಯ. ‘ಲಾರ್ಕ್ಸ್ ಟಂಗ್ಸ್ ಇನ್ ಆಸ್ಪಿಕ್’ ಪೆಟ್ಟಿಗೆಯಲ್ಲಿ 15 ತಟ್ಟೆಗಳಿವೆ, ‘ದಿ ರೋಡ್ ಟು ರೆಡ್’ನಲ್ಲಿ 24, ‘ಸ್ಟಾರ್‌ಲೆಸ್’ನಲ್ಲಿ 27. ಈಗಲೇ ಕೊಳ್ಳಬೇಡಿ. ಒಂದೇ ಪ್ರವಾಸದ ಕಛೇರಿಗಳನ್ನು ದಿನವಹಿ ಕೇಳುವ ಹಸಿವು ಹುಟ್ಟುವ ಮೊದಲು ಅವು ಕಪಾಟಿನಲ್ಲಿ ಕೂರುತ್ತವೆ. 1973–74ರ ತಂಡ ಹಿಡಿಸಿತು ಎಂದಾದರೆ ‘ದಿ ಗ್ರೇಟ್ ಡಿಸೀವರ್’ ಹುಡುಕಿ, 1992ರಲ್ಲಿ ನಾಲ್ಕು ಸಿ.ಡಿ.ಗಳಲ್ಲಿ ಬಂದದ್ದು. ಪ್ರಾವಿಡೆನ್ಸ್ ಕಛೇರಿ ಅದರಲ್ಲಿದೆ, ‘ಡಾಕ್ಟರ್ ಡೈಮಂಡ್’ ಕೂಡ. ಸದ್ಯಕ್ಕೆ ಇಷ್ಟು ಕೊಂಡರೆ ಸಾಕು: ‘ದಿ ನೈಟ್ ವಾಚ್’, ‘ಲೈವ್ ಇನ್ ಟೊರಾಂಟೊ’, ಮತ್ತು 1974ರ ಜೂನ್ 28ರ ಆಸ್ಬರಿ ಪಾರ್ಕ್ ಕಛೇರಿಯ ಪೂರ್ಣ ರೂಪ. ಕೊನೆಯದನ್ನು ಕೊಳ್ಳುವಾಗ ಪಿಟೀಲು ನುಡಿಸಿದವರು ಡೇವಿಡ್ ಕ್ರಾಸ್ ಎಂದು ಬರೆದಿರುವುದನ್ನು ನೋಡಿಕೊಳ್ಳಿ.